ಕಾರಿನೊಳಗೆ ಪೆಟ್ರೋಲ್ ವಾಸನೆಯೇ? ಕ್ಯಾಚ್ ಕ್ಯಾನ್ ಹಾಕಿಸಿದವರು ಊರಿಗೆ ಹೊರಡುವ ಮುನ್ನ

ಪುಣೆ: ಮೇ ತಿಂಗಳ ರಜೆ, ಚೌತಿ, ದೀಪಾವಳಿ, ಊರಿನ ನೇಮ, ಬಂಧುಗಳ ಮದುವೆ, ಕಾರಣ ಯಾವುದೇ ಇರಲಿ, ಪುಣೆಯ ತುಳು-ಕನ್ನಡಿಗರ ಕಾರುಗಳು ವರ್ಷಕ್ಕೆ ಒಂದೆರಡು ಬಾರಿಯಾದರೂ ಕಾತ್ರಜ್ ಸುರಂಗ ದಾಟಿ ದಕ್ಷಿಣಕ್ಕೆ ಮುಖ ಮಾಡುತ್ತವೆ. ಹಿಂದೆ ಊರಿಗೆ ಹೋಗುವುದೆಂದರೆ ರಾತ್ರಿ ಬಸ್ಸಿನ ಟಿಕೆಟಿಗಾಗಿ ಪರದಾಟ. ಈಗ ಬಹುತೇಕ ಮನೆಗಳಲ್ಲಿ ಕಾರಿದೆ. ಖಂಬಾಟ್ಕಿ ಘಾಟಿ, ಸಾತಾರಾ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ, ಯಲ್ಲಾಪುರ, ಅಲ್ಲಿಂದ ಅರಬೈಲು ಘಾಟಿ ಇಳಿದು ಅಂಕೋಲಾದಲ್ಲಿ ಕರಾವಳಿ ಹಿಡಿದರೆ ಮಂಗಳೂರಿಗೆ ಏಳುನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಗಾಜು ಏರಿಸಿ, ಎ.ಸಿ. ಹಾಕಿ, ವಯಸ್ಸಾದ ತಂದೆ-ತಾಯಿ ಹಾಗೂ ಮಕ್ಕಳನ್ನು ಕೂರಿಸಿಕೊಂಡು ಅಷ್ಟು ದೂರ ಸಾಗುವ ವಾಹನದೊಳಗೆ ಪೆಟ್ರೋಲಿನದೋ ಎಂಜಿನ್ ಆಯಿಲಿನದೋ ವಾಸನೆ ಸುಳಿಯುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಈ ಮಾತು ಬರೆಯಲು ಕಾರಣ, ಈಚೆಗೆ ನಮ್ಮ ಯುವಕರು ಕಾರಿನ ಬಾನೆಟ್ಟಿನೊಳಗೆ ಹಾಕಿಸಿಕೊಳ್ಳುತ್ತಿರುವ ಒಂದು ಸಣ್ಣ ಡಬ್ಬಿ. ಅದಕ್ಕೆ ಆಯಿಲ್ ಕ್ಯಾಚ್ ಕ್ಯಾನ್ ಎಂದು ಹೆಸರು. ಡಬ್ಬಿ ಕೆಟ್ಟದ್ದೇನಲ್ಲ. ಆದರೆ ಅದನ್ನು ಹಾಕಿಸಿದ ವಾರದಲ್ಲೇ ಕಾರಿನೊಳಗೆ ವಾಸನೆ ಶುರುವಾಯಿತು ಎಂಬ ದೂರನ್ನು ಸಂಘದ ಕಾರ್ಯಕ್ರಮಗಳಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಾಗ ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇನೆ. ನಾನು ಎಂಜಿನಿಯರ್ ಅಲ್ಲ. ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಓದಿದ ಬ್ಯಾಂಕ್ ಗುಮಾಸ್ತ. ಆದರೆ ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸ ಹುಡುಕುವುದು ಮೂವತ್ತು ವರ್ಷಗಳ ಅಭ್ಯಾಸ. ವಾಸನೆಯ ಮೂಲ ಹುಡುಕುವುದೂ ಹೆಚ್ಚು ಕಡಿಮೆ ಅದೇ ಜಾತಿಯ ಕೆಲಸ ಎಂಬುದು ಕಣ್ಣಾರೆ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಬ್ಬಿಯ ಕೆಲಸವೇನೆಂದು ನೋಡೋಣ. ಎಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಅದಕ್ಕೆ ರಿಂಗುಗಳಿದ್ದರೂ ಅನಿಲದ ಸ್ವಲ್ಪ ಪಾಲು ಸಂದಿಯಿಂದ ಜಾರಿ ಕೆಳಗೆ ಎಣ್ಣೆ ಇರುವ ಕೋಣೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಮೆಕ್ಯಾನಿಕರು ಇದನ್ನು ಬ್ಲೋ-ಬೈ ಎನ್ನುತ್ತಾರೆ. ಅದರಲ್ಲಿ ಉರಿಯದೆ ಉಳಿದ ಪೆಟ್ರೋಲಿನ ಆವಿ ಇದೆ, ನೀರಾವಿ ಇದೆ. ಒಳಗೆ ಚಿಮ್ಮುವ ಎಣ್ಣೆಯ ಸೂಕ್ಷ್ಮ ಹನಿಗಳೂ ಸೇರಿಕೊಳ್ಳುತ್ತವೆ. ಈ ಅನಿಲಕ್ಕೆ ಹೊರದಾರಿ ಬೇಕೇ ಬೇಕು. ಹಳೆಯ ಲಾರಿಗಳಲ್ಲಿ ಅದಕ್ಕೊಂದು ಕೊಳವೆ ಇತ್ತು, ಅದರ ಬಾಯಿ ನೆಲದ ಕಡೆಗೆ. ಲಾರಿ ನಿಂತಲ್ಲೆಲ್ಲ ಎಣ್ಣೆಯ ಕಲೆ, ಹೊಗೆಯ ವಾಸನೆ. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ತಲೆ ಕೆಡಿಸಿಕೊಂಡವರು ಅಮೆರಿಕದ ಲಾಸ್ ಏಂಜಲೀಸಿನ ಜನ. ಅಲ್ಲಿ ಕಣ್ಣು ಉರಿಸುವ ಹೊಗೆಮಂಜು ಎಲ್ಲಿಂದ ಬರುತ್ತದೆ ಎಂಬುದನ್ನು 1950ರ ಆಸುಪಾಸಿನಲ್ಲಿ ಕಂಡುಹಿಡಿದ ವಿಜ್ಞಾನಿ ಏರಿ ಹಾಗೆನ್-ಸ್ಮಿಟ್ ಅದಕ್ಕೂ ಮೊದಲು ಅನಾನಸ್ ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ಮಾಡುತ್ತಿದ್ದವರು ಎಂಬುದು ಸ್ವಾರಸ್ಯಕರ. ಹಣ್ಣಿನ ವಾಸನೆ ಹಿಡಿದವರೇ ಕಾರಿನ ವಾಸನೆಯನ್ನೂ ಹಿಡಿದರು! ಆ ಕಾಲದ ಕಾರು ಹೊರಬಿಡುತ್ತಿದ್ದ ಉರಿಯದ ಇಂಧನದ ಸುಮಾರು ಐದರಲ್ಲಿ ಒಂದು ಪಾಲು ಹೊಗೆ ಕೊಳವೆಯಿಂದಲ್ಲ, ಈ ಕ್ರ್ಯಾಂಕ್‌ಕೇಸಿನ ಕೊಳವೆಯಿಂದಲೇ ಬರುತ್ತಿತ್ತು. 1961ರ ಮಾದರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಹೊಸ ಕಾರುಗಳಲ್ಲಿ ಆ ಕೊಳವೆಯನ್ನು ತಿರುಗಿಸಿ ಮತ್ತೆ ಎಂಜಿನ್ನಿನ ಗಾಳಿಯ ದಾರಿಗೇ ಜೋಡಿಸಲಾಯಿತು. ಅಂದರೆ ಎಂಜಿನ್ ತನ್ನ ಹೊಗೆಯನ್ನು ತಾನೇ ಮತ್ತೆ ನುಂಗುತ್ತದೆ. ಇದಕ್ಕೆ ಬಳಸುವ ಕವಾಟವೇ ಪಿ.ಸಿ.ವಿ. ವಾಲ್ವ್. ಇಂದು ನಮ್ಮ ನಿಮ್ಮ ಪೆಟ್ರೋಲ್ ಕಾರುಗಳಲ್ಲೆಲ್ಲ ಇದೇ ಏರ್ಪಾಡು.

ಇದರಲ್ಲಿ ಒಂದು ತೊಂದರೆ ಉಳಿಯಿತು. ಹಾಗೆ ನುಂಗುವಾಗ ಎಣ್ಣೆಯ ಹನಿಗಳೂ ಒಳಗೆ ಹೋಗಿ ಗಾಳಿಯ ಕೊಳವೆ, ಇಂಟರ್‌ಕೂಲರುಗಳಲ್ಲಿ ಜಿಡ್ಡು ಕಟ್ಟುತ್ತವೆ. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೆ ಸಿಂಪಡಿಸುವ ಹೊಸ ಟರ್ಬೋ ಎಂಜಿನ್ನುಗಳಲ್ಲಿ ವಾಲ್ವನ್ನು ತೊಳೆಯಲು ಪೆಟ್ರೋಲ್ ಆ ದಾರಿಯಲ್ಲಿ ಬರುವುದೇ ಇಲ್ಲ. ಹಾಗಾಗಿ ವಾಲ್ವಿನ ಬೆನ್ನಿಗೆ ಮಸಿ ಅಂಟುತ್ತದೆ. ಕ್ಯಾಚ್ ಕ್ಯಾನ್ ಈ ದಾರಿಯ ನಡುವೆ ಕುಳಿತುಕೊಳ್ಳುವ ಅಲ್ಯೂಮಿನಿಯಂ ಡಬ್ಬಿ. ಒಂದು ಹೋಸಿನಿಂದ ಅನಿಲ ಒಳಬರುತ್ತದೆ, ಒಳಗಿನ ಜಾಲರಿಗೆ ತಾಗಿ ತಣಿಯುತ್ತದೆ, ಎಣ್ಣೆ ತಳಕ್ಕೆ ಇಳಿಯುತ್ತದೆ, ಉಳಿದ ಅನಿಲ ಇನ್ನೊಂದು ಹೋಸಿನಿಂದ ಎಂಜಿನ್ನಿಗೆ ಮರಳುತ್ತದೆ. ಅಡುಗೆಮನೆಯ ಚಿಮಣಿಯ ಕೆಳಗೆ ಎಣ್ಣೆ ಹಿಡಿಯುವ ಬಟ್ಟಲು ಇರುತ್ತದಲ್ಲ, ಅದೇ ತತ್ವ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಂಪನಿಯವರು ಮುಚ್ಚಿ ಕಳುಹಿಸಿದ ಒಂದು ದಾರಿಯನ್ನು ನಾವು ನಡುವೆ ಕತ್ತರಿಸಿ ನಾಲ್ಕಾರು ಹೊಸ ಜೋಡಣೆಗಳನ್ನು ಸೇರಿಸಿದ್ದೇವೆ. ಪ್ರತಿಯೊಂದು ಜೋಡಣೆಯೂ ವಾಸನೆ ಹೊರಬರಬಹುದಾದ ಒಂದು ಬಾಗಿಲು.

ನಮ್ಮ ಸೊಸೈಟಿಯಲ್ಲಿರುವ ಕುಂದಾಪುರ ಕಡೆಯ ಕೇಟರಿಂಗ್ ಉದ್ಯಮಿಯೊಬ್ಬರ ಮನೆಯಲ್ಲಿ ಆದದ್ದು ಇದೇ. ಹಿಂಜೆವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ಅವರ ಮಗ ತನ್ನ ಟರ್ಬೋ ಪೆಟ್ರೋಲ್ ಕಾರಿಗೆ ನಗರದ ಒಂದು ಗ್ಯಾರೇಜಿನಲ್ಲಿ ಕ್ಯಾಚ್ ಕ್ಯಾನ್ ಹಾಕಿಸಿಕೊಂಡು ಬಂದ. ಮೂರನೇ ದಿನದಿಂದ ಸಿಗ್ನಲಿನಲ್ಲಿ ನಿಂತಾಗ ಒಳಗೆ ವಾಸನೆ. ಮನೆಯವರು ಡ್ಯಾಶ್‌ಬೋರ್ಡಿಗೆ ಸುಗಂಧದ ಬಾಟಲಿ ಅಂಟಿಸಿದರು. ಮಲ್ಲಿಗೆ ಮತ್ತು ಪೆಟ್ರೋಲ್ ಸೇರಿ ಮೂರನೆಯದೇ ಒಂದು ವಾಸನೆಯಾಯಿತು. ಎರಡು ವಾರದಲ್ಲಿ ಊರಿನಲ್ಲಿ ಗೃಹಪ್ರವೇಶ. ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು, ಉಬ್ಬಸದ ತೊಂದರೆ ಬೇರೆ. "ಘಾಟಿ ಹತ್ತುವಾಗ ಅಮ್ಮನಿಗೆ ಉಸಿರು ಕಟ್ಟಿದರೆ ಏನು ಮಾಡುವುದು ಮಾರಾಯ್ರೆ, ಟ್ರೈನಿಗೇ ಹೋಗುವುದಾ?" ಎಂದು ಅವರು ನನ್ನನ್ನು ಲಿಫ್ಟಿನ ಬಳಿ ನಿಲ್ಲಿಸಿ ಕೇಳಿದರು. ಗ್ಯಾರೇಜಿನವರಿಗೆ ಫೋನ್ ಮಾಡಿದರೆ "ಹೊಸದಲ್ಲವೇ, ಸ್ವಲ್ಪ ದಿನ ವಾಸನೆ ಇರುತ್ತದೆ" ಎಂಬ ಉತ್ತರ. ಹೊಸ ಸೋಫಾಕ್ಕೆ ಈ ಮಾತು ಒಪ್ಪೀತು. ಸರಿಯಾಗಿ ಕೂರಿಸಿದ ಕ್ಯಾಚ್ ಕ್ಯಾನಿನಿಂದ ಮೊದಲ ದಿನವೂ ಹೊರಗೆ ವಾಸನೆ ಬರಬಾರದು.

ಆ ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಹುಡುಕಾಟ ಆರಂಭವಾಯಿತು. ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ನಾವು ಮೊದಲು ನೋಡುವುದು ವ್ಯತ್ಯಾಸದ ಸ್ವಭಾವವನ್ನು. ಮೊತ್ತ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿವೆ ಎಂದು ಗುಮಾನಿ. ಎರಡರಿಂದ ಭಾಗವಾದರೆ ಜಮೆಯ ಕಡೆ ಬರೆಯಬೇಕಾದ್ದು ಖರ್ಚಿನ ಕಡೆ ಹೋಗಿರಬಹುದು. ಹಾಗೆಯೇ ವಾಸನೆ ಯಾವ ಬಗೆಯದು, ಯಾವಾಗ ಬರುತ್ತದೆ ಎಂಬೆರಡನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಬಿಸಿಯಾದ ಭಾಗದ ಮೇಲೆ ಎಣ್ಣೆ ಬಿದ್ದರೆ ದೋಸೆ ಹಂಚಿನ ಮೇಲೆ ಹಳೆಯ ಎಣ್ಣೆ ಸುಟ್ಟ ಕಮಟು. ಕ್ರ್ಯಾಂಕ್‌ಕೇಸಿನ ಅನಿಲ ಇವೆರಡರ ನಡುವಿನದು, ಎಣ್ಣೆ-ಪೆಟ್ರೋಲ್-ಹೊಗೆ ಬೆರೆತ ಹಳಸಲು ವಾಸನೆ. ಸಿಹಿಯಾಗಿದ್ದರೆ ಅದು ರೇಡಿಯೇಟರಿನ ಕೂಲೆಂಟ್, ಈ ಡಬ್ಬಿಗೆ ಸಂಬಂಧವಿಲ್ಲ. ಸಿ.ಎನ್.ಜಿ. ಕಾರುಗಳಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಅದು ಗ್ಯಾಸಿಗೆ ಬೇಕೆಂದೇ ಬೆರೆಸಿದ ಎಚ್ಚರಿಕೆಯ ವಾಸನೆ. ಹುಡುಕಾಟ ಬಿಟ್ಟು ಸಿಲಿಂಡರಿನ ವಾಲ್ವ್ ಮುಚ್ಚಿ ಸಿ.ಎನ್.ಜಿ. ತಿಳಿದವರನ್ನು ಕರೆಸಬೇಕು.

ಇನ್ನೊಂದು ಮಾತು. ಮೂಗು ನಂಬಿಕಸ್ತನಲ್ಲ. ಹತ್ತು ನಿಮಿಷ ಒಂದೇ ವಾಸನೆಯಲ್ಲಿ ಕುಳಿತರೆ ಅದು ಗೊತ್ತೇ ಆಗುವುದಿಲ್ಲ. ಕಾರು ಓಡಿಸುವವನು "ವಾಸನೆ ಹೋಯಿತು" ಎಂದರೆ ಅದಕ್ಕೆ ಬೆಲೆ ಕೊಡಬೇಕಿಲ್ಲ. ಆಗಷ್ಟೇ ಹೊರಗಿನಿಂದ ಬಂದು ಬಾಗಿಲು ತೆರೆದವರ ಮಾತೇ ಪ್ರಮಾಣ. ನಮ್ಮ ಹುಡುಕಾಟದಲ್ಲಿ ಆ ಕೆಲಸ ಮಾಡಿದ್ದು ಮನೆಯೊಡತಿ. ಒಗ್ಗರಣೆ ಹೊತ್ತುವ ಮೊದಲೇ ವಾಸನೆ ಹಿಡಿಯುವ ಮೂಗು ಅವರದು.

ಮೊದಲ ಪರೀಕ್ಷೆ ಎ.ಸಿ.ಯ ಗುಂಡಿಯದು. ಹೊರಗಿನ ಗಾಳಿ ಒಳಗೆ ಬರುವಂತೆ ಇಟ್ಟಾಗ ವಾಸನೆ ಹೆಚ್ಚಾಗಿ, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟಾಗ ಕಡಿಮೆಯಾದರೆ ಮೂಲ ಬಾನೆಟ್ಟಿನ ಕೆಳಗಿದೆ ಎಂದರ್ಥ. ಏಕೆಂದರೆ ಕಾರು ಹೊರಗಿನ ಗಾಳಿಯನ್ನು ಎಳೆದುಕೊಳ್ಳುವ ಜಾಗ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದಿನ ಅಂಚಿಗೆ ಹೊಂದಿಕೊಂಡು ಇದೆ. ಕಾರು ಓಡುವಾಗ ಗಾಳಿ ವಾಸನೆಯನ್ನು ಹೊತ್ತೊಯ್ಯುತ್ತದೆ. ಸಿಗ್ನಲಿನಲ್ಲಿ ನಿಂತಾಗ ಅದು ನೇರ ಒಳಗೆ ಇಳಿಯುತ್ತದೆ. ಗುಂಡಿ ಹೇಗಿಟ್ಟರೂ ವಾಸನೆ ಒಂದೇ ಸಮ ಇದ್ದರೆ ಹಿಂದಿನ ಸೀಟಿನ ಕಡೆ ನೋಡಬೇಕು. ಅನೇಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಪಂಪಿನ ಮುಚ್ಚಳ ಆ ಸೀಟಿನ ಅಡಿಯಲ್ಲಿರುತ್ತದೆ.

ಇಲ್ಲಿ ವಾಸನೆ ಬಾನೆಟ್ಟಿನ ಕಡೆಯಿಂದಲೇ ಎಂದು ಖಚಿತವಾಯಿತು. ಡಬ್ಬಿ ನೋಡಿದರೆ ಅದರ ನೆತ್ತಿಯ ಮೇಲೆ ಟೊಪ್ಪಿಯಂಥ ಸಣ್ಣ ಫಿಲ್ಟರ್. ಅಂದರೆ ಅದು ಅನಿಲವನ್ನು ಎಂಜಿನ್ನಿಗೆ ಮರಳಿಸದೆ ಹೊರಗೆ ಬಿಡುವ ಬಗೆಯದು. ರೇಸಿನ ಕಾರುಗಳಲ್ಲಿ ಇಂಥದ್ದನ್ನು ಬಳಸುವುದುಂಟು. ಅಲ್ಲಿ ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಯಾರೂ ಹೋಗುವುದಿಲ್ಲ. ಮನೆಮಂದಿ ಓಡಾಡುವ ಕಾರಿಗೆ ಇದು ಸಲ್ಲದು. ಅರವತ್ತು ವರ್ಷಗಳ ಹಿಂದೆ ಮುಚ್ಚಿದ ಬಾಗಿಲನ್ನು ಹಣ ಕೊಟ್ಟು ತೆರೆಸಿದಂತೆ.

ಕಾನೂನಿಗೂ ಇದು ಒಪ್ಪಿಗೆಯಿಲ್ಲ. ಬೆಳಗಿನ ವಾಕಿಂಗಿಗೆ ಎ.ಆರ್.ಎ.ಐ. ಟೇಕಡಿ ಹತ್ತುವ ನಮ್ಮವರು ಬಹಳ ಮಂದಿ. ಆ ಗುಡ್ಡಕ್ಕೆ ಹೆಸರು ಕೊಟ್ಟ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ 1966ರಲ್ಲಿ ಸ್ಥಾಪನೆಯಾದ ಸಂಸ್ಥೆ. ದೇಶದಲ್ಲಿ ಹೊಸ ಮಾದರಿಯ ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಸಂಸ್ಥೆಗಳಲ್ಲಿ ಅದೂ ಒಂದು. ಪೆಟ್ರೋಲ್ ಕಾರಿಗೆ ಮಾಡುವ ಪರೀಕ್ಷೆಗಳಲ್ಲಿ ಒಂದು ಕ್ರ್ಯಾಂಕ್‌ಕೇಸಿನ ಅನಿಲ ಹೊರಗೆ ಸೋರುತ್ತದೆಯೇ ಎಂಬುದು; ಒಂದಿಷ್ಟೂ ಸೋರುವಂತಿಲ್ಲ. ಇನ್ನೊಂದರಲ್ಲಿ ಇಡೀ ಕಾರನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಟ್ಯಾಂಕು, ಕೊಳವೆಗಳಿಂದ ಎಷ್ಟು ಪೆಟ್ರೋಲ್ ಆವಿ ಹೊರಬಂತು ಎಂದು ಅಳೆಯುತ್ತಾರೆ. ಮಿತಿ ಬರೇ 2 ಗ್ರಾಂ. ಅಷ್ಟು ಬಿಗಿಯಾಗಿ ಪಾಸಾಗಿ ಬಂದ ಕಾರಿನ ಕೊಳವೆಯನ್ನು ರಸ್ತೆ ಬದಿಯಲ್ಲಿ ಕತ್ತರಿಸಿ ಹೊರಗೆ ಬಿಟ್ಟರೆ ಏನಾದೀತು? ಪಿ.ಯು.ಸಿ. ತಪಾಸಣೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಆ ಕಡ್ಡಿಯನ್ನು ಹೊಗೆ ಕೊಳವೆಗೆ ಹಾಕುತ್ತಾರೆಯೇ ಹೊರತು ಬಾನೆಟ್ಟಿನೊಳಗಲ್ಲ. ಸಿಕ್ಕಿಬೀಳುವುದು ಮನೆಯವರ ಶ್ವಾಸಕೋಶದಲ್ಲಿ.

ಫಿಲ್ಟರಿನ ಡಬ್ಬಿ ತೆಗೆಸಿ, ಅನಿಲ ಎಂಜಿನ್ನಿಗೇ ಮರಳುವ ಮುಚ್ಚಿದ ಡಬ್ಬಿಯನ್ನು ಬೇರೊಬ್ಬ ಮಿಸ್ತ್ರಿಯ ಕೈಯಲ್ಲಿ ಕೂರಿಸಿದ್ದಾಯಿತು. ಹಳೆಯ ಹೋಸನ್ನು ಬಿಚ್ಚಿದಾಗ ಅದು ಉಬ್ಬಿ ಮೆತ್ತಗಾಗಿತ್ತು. ಅದು ಬಿಸಿನೀರಿಗೆ ಬಳಸುವ, ಹೀಟರ್ ಹೋಸ್ ಎಂಬ ರಬ್ಬರು. ನೀರಿಗೆ ಗಟ್ಟಿ, ಎಣ್ಣೆ-ಪೆಟ್ರೋಲಿಗೆ ಅಲ್ಲ. ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ತೂತಿಲ್ಲದಿದ್ದರೂ ಅದರ ಗೋಡೆಯ ಮೂಲಕವೇ ವಾಸನೆ ಹೊರಬರುತ್ತದೆ. ಕ್ಲಾಂಪ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಎಣ್ಣೆ ಮತ್ತು ಇಂಧನ ಎರಡನ್ನೂ ತಡೆಯುವ ಹೋಸ್ ಎಂದು ಕೇಳಿ, ಅದರ ಮೇಲೆ ಹಾಗೆಂದು ಮುದ್ರಿಸಿದ್ದನ್ನು ಓದಿ ಕೊಳ್ಳಬೇಕು. ಬೆಲೆ ಹೆಚ್ಚು. ಆದರೆ ಬೇಕಾಗುವುದು ಒಂದೆರಡು ಮೀಟರ್ ಮಾತ್ರ.

ಅಲ್ಲಿಗೆ ಹಳಸಲು ವಾಸನೆ ನಿಂತಿತು. ಸುಟ್ಟ ಎಣ್ಣೆಯ ವಾಸನೆ ಉಳಿಯಿತು. ಮಿಸ್ತ್ರಿ ಎಂಜಿನ್ನನ್ನು ಒರೆಸಿ, ಜೋಡಣೆಗಳ ಮೇಲೆಲ್ಲ ಮಗುವಿಗೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿದ. ಹತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿದರೆ ಎಣ್ಣೆ ಅಳೆಯುವ ಡಿಪ್‌ಸ್ಟಿಕ್ಕಿನ ಬಾಯಿಂದ ಕೆಳಗೆ ಪೌಡರಿನ ಮೇಲೆ ಒಂದು ಕಪ್ಪು ಗೆರೆ. ಹಿಂದಿನ ಗ್ಯಾರೇಜಿನವರು ಹಾಕಿದ್ದ ಕಿರಿದಾದ ಹೋಸಿನಲ್ಲಿ ಅನಿಲ ಸರಾಗ ಸಾಗದೆ ಒಳಗೆ ಒತ್ತಡ ಏರಿದ್ದರಿಂದ ಡಿಪ್‌ಸ್ಟಿಕ್ಕಿನ ರಬ್ಬರ್ ಬಿರಡೆ ಸಡಿಲಾಗಿತ್ತು; ಹೊಸ ಹೋಸ್ ಹಾಕಿದ ಮೇಲೂ ಅದು ಸರಿಯಾಗಿ ಕೂರುತ್ತಿರಲಿಲ್ಲ. ಸಣ್ಣ ಬಿರಡೆ, ಬದಲಾಯಿಸಿದರೆ ಮುಗಿಯಿತು.

ಒತ್ತಡ ಇದೆಯೇ ಎಂದು ತಿಳಿಯಲು ಅವನು ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಸುರಿಯುವ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟ. ಹಾಳೆ ಮೆಲ್ಲನೆ ಒಳಕ್ಕೆ ಹೀರಿಕೊಂಡರೆ ದಾರಿ ಸರಿಯಾಗಿದೆ; ಮೇಲಕ್ಕೆ ಉಬ್ಬಿ ಕುಣಿದರೆ ಎಲ್ಲೋ ಕಟ್ಟಿದೆ. ಡಬ್ಬಿ ತುಂಬಿ ತುಳುಕಿದರೂ, ಹೋಸ್ ಮಡಚಿಕೊಂಡರೂ ಹೀಗೇ ಆಗುತ್ತದೆ.

ಹಸಿ ಪೆಟ್ರೋಲಿನ ವಾಸನೆ ಮಾತ್ರ ಬೆಳಿಗ್ಗೆ ಕಾರಿನ ಬಳಿ ಹೋದಾಗ ಇನ್ನೂ ಬರುತ್ತಿತ್ತು. ಎಂಜಿನ್ ತಣ್ಣಗಿದ್ದಾಗಲೂ ಬರುವ ಈ ವಾಸನೆಯೇ ಎಲ್ಲಕ್ಕಿಂತ ಅಪಾಯಕಾರಿ. ಡಬ್ಬಿಯೊಳಗಿನ ದ್ರವ ಪೆಟ್ರೋಲ್ ನಾತ ಹೊಡೆಯುವುದು ಸಹಜವೇ. ಸಣ್ಣ ಸಣ್ಣ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಪೆಟ್ರೋಲ್ ಎಣ್ಣೆಗೆ ಇಳಿಯುತ್ತದೆ, ಚಳಿಗಾಲದಲ್ಲಿ ನೀರೂ ಸೇರಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅದು ಡಬ್ಬಿಯ ಒಳಗಿರುವವರೆಗೆ ಚಿಂತೆಯಿಲ್ಲ. ಇಲ್ಲಿನ ಕತೆ ಬೇರೆ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಇನ್ನೊಂದು ಪೆಟ್ಟಿಗೆ ಪ್ರತಿ ಪೆಟ್ರೋಲ್ ಕಾರಿನಲ್ಲಿರುತ್ತದೆ. ಅದರಿಂದ ಎಂಜಿನ್ನಿಗೆ ಬರುವ ಸಣ್ಣ ಕೊಳವೆ ಪಿ.ಸಿ.ವಿ. ಹೋಸಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಡಬ್ಬಿಗೆ ಜಾಗ ಮಾಡುವಾಗ ಯಾರೋ ಅದನ್ನು ಎಳೆದು ಮತ್ತೆ ಸಿಕ್ಕಿಸಿದ್ದರು, ಕೊನೆಯ ಕ್ಲಿಕ್ ಆಗಿರಲಿಲ್ಲ. ಕಣ್ಣಿಗೆ ಸರಿಯಾಗೇ ಕಾಣುತ್ತಿತ್ತು. ಕೈಯಲ್ಲಿ ಹಿಡಿದು ಎಳೆದಾಗ ಕಳಚಿ ಬಂತು. ಗೃಹಪ್ರವೇಶಕ್ಕೆ ಆಗ ಉಳಿದಿದ್ದದ್ದು ನಾಲ್ಕು ದಿನ. ಮನೆಯವರು ಅಜ್ಜಿ ಸಮೇತ ಕಾರಿನಲ್ಲೇ ಹೋಗಿ ಬಂದರು.

ಎಲ್ಲರಿಗೂ ಹೀಗೆ ಕೈಗೇ ಸಿಗುತ್ತದೆ ಎನ್ನಲಾಗದು. ಸಿಗದಿದ್ದರೆ ದೊಡ್ಡ ವರ್ಕ್‌ಶಾಪುಗಳಲ್ಲಿ ಹೊಗೆ ಪರೀಕ್ಷೆಯ ಯಂತ್ರವಿದೆ. ಕಡಿಮೆ ಒತ್ತಡದಲ್ಲಿ ಕೊಳವೆಗಳೊಳಗೆ ಹೊಗೆ ತುಂಬಿ ಎಲ್ಲಿಂದ ಹೊರಬರುತ್ತದೆ ಎಂದು ನೋಡುತ್ತಾರೆ. ಡಬ್ಬಿಯನ್ನೇ ದೂರುವ ಮುನ್ನ ಇನ್ನೆರಡನ್ನು ನೋಡಿಕೊಳ್ಳುವುದು ಒಳ್ಳೆಯದು. ಒಂದು, ಇಲಿ. ಮಳೆಗಾಲದಲ್ಲಿ ನಮ್ಮ ಸೊಸೈಟಿಗಳ ಪಾರ್ಕಿಂಗಿನ ಇಲಿಗಳು ಬೆಚ್ಚಗಿನ ಎಂಜಿನ್ನಿನ ಮೇಲೆ ಮಲಗಿ ಹೋಸ್, ವೈರು ಎಲ್ಲವನ್ನೂ ಕಡಿಯುತ್ತವೆ. ಇನ್ನೊಂದು, ಪಂಪಿನಲ್ಲಿ ನಮ್ಮ "ರೌಂಡ್ ಫಿಗರ್" ಮೋಹ. ಟ್ಯಾಂಕ್ ತುಂಬಿ ಪಂಪಿನ ಕೈ ತಾನಾಗಿ ನಿಂತ ಮೇಲೂ ಮೊತ್ತ ಸರಿಮಾಡಲು ಮತ್ತೆ ಮತ್ತೆ ಒತ್ತಿಸಿದರೆ ಪೆಟ್ರೋಲ್ ಇದ್ದಿಲಿನ ಕ್ಯಾನಿಸ್ಟರಿಗೆ ಹರಿದು ಅದು ಕೆಡುತ್ತದೆ, ವಾಸನೆ ಶುರುವಾಗುತ್ತದೆ. ಲೆಕ್ಕದವನಾದ ನಾನೇ ಹೇಳುತ್ತೇನೆ, ಚಿಲ್ಲರೆ ಉಳಿದರೆ ಉಳಿಯಲಿ.

ಡಬ್ಬಿ ಹಾಕಿಸುವವರು ಬಿಲ್ ಪಡೆದು ಇಡುವುದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು, ವಾರಂಟಿ ಇರುವ ಕಾರಾದರೆ ಷೋರೂಮಿನವರನ್ನು ಕೇಳಿ ಮುಂದುವರಿಯುವುದು ಕ್ಷೇಮ. ಮೊದಲು 1000 ಕಿಲೋಮೀಟರಿಗೊಮ್ಮೆ ಡಬ್ಬಿ ತೆರೆದು ನೋಡಬೇಕು. ಎಷ್ಟು ತುಂಬಿತು ಎಂಬುದರ ಮೇಲೆ ಮುಂದಿನ ಅಂತರ. ತೆಗೆದ ಎಣ್ಣೆಯನ್ನು ಗಟಾರಕ್ಕೆ ಚೆಲ್ಲದೆ ಬಾಟಲಿಯಲ್ಲಿ ಹಿಡಿದು ಗ್ಯಾರೇಜಿನ ಹಳೆ ಎಣ್ಣೆಯ ಡ್ರಮ್ಮಿಗೆ ಕೊಡಬೇಕು.

ಹುಡುಕುವಾಗ ಬೀಡಿ-ಸಿಗರೇಟ್, ಬೆಂಕಿಕಡ್ಡಿ ಹತ್ತಿರ ತರಬಾರದೆಂದು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಕತ್ತಲೆಂದು ಲೈಟರ್ ಗೀರಿದವರನ್ನು ನೋಡಿದ್ದೇನೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲಷ್ಟು ಆವಿ ಬಿಡುವ ವಸ್ತು. ಆ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಈ ಕೆಲಸ ಬೇಡ, ಕಾರನ್ನು ಬಯಲಿಗೆ ತನ್ನಿ. ಹೊರಡುವ ಹಿಂದಿನ ರಾತ್ರಿ ಕಾರಿನಡಿಯಲ್ಲಿ ಹಳೆಯ ಪತ್ರಿಕೆ ಹಾಸಿಟ್ಟರೆ ಬೆಳಿಗ್ಗೆ ಎಣ್ಣೆ ತೊಟ್ಟಿಕ್ಕಿದ ಗುರುತು ಸಿಗುತ್ತದೆ. ಈ ಪತ್ರಿಕೆಯೂ ಆದೀತು, ಓದಿ ಮುಗಿದ ಮೇಲೆ.

ಘಾಟಿಯ ನಡುವೆ ಒಮ್ಮೆಲೇ ಪೆಟ್ರೋಲ್ ವಾಸನೆ ಬಂದರೆ ಮುಂದಿನ ಢಾಬಾದವರೆಗೆ ಹೋಗೋಣ ಎನ್ನದೆ ಕಾರನ್ನು ಬದಿಗೆ ನಿಲ್ಲಿಸಿ, ಚಾವಿ ತಿರುಗಿಸಿ ಎಂಜಿನ್ ಆರಿಸಿ, ಎಲ್ಲರೂ ಇಳಿದು ವಾಹನಗಳು ಬರುವ ಕಡೆಯಿಂದ ದೂರ ನಿಲ್ಲಬೇಕು. ಬಾನೆಟ್ಟಿನಿಂದ ಹೊಗೆ ಕಂಡರೆ ಅದನ್ನು ಪೂರ್ತಿ ಎತ್ತಬಾರದು. ಗಾಳಿ ಸಿಕ್ಕಿದೊಡನೆ ಬೆಂಕಿ ಭುಗಿಲೇಳುತ್ತದೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸಿಗೆ 112. ಇವೆರಡನ್ನೂ ಹಿಂದಿನ ಸೀಟಿನಲ್ಲಿ ಕೂರುವವರ ಮೊಬೈಲಿನಲ್ಲೂ ಬರೆದಿಟ್ಟು ಹೊರಡಿ.